ಚೋಂದಮ್ಮನ ವಾಚು

ಕಾಗದ ಬಂದಿತ್ತು: ನೀವು ವಾಪಸ್ಸಾಗುತ್ತೀರೆಂದು
ನಮಗೆ ನಂಬಿಕೆ ಹುಟ್ಟಿಲ್ಲ.
ಇಬ್ಬರಿಗೂ ಅದೇ ಒಕ್ಕಣೆ, ಹೆಸರು ಮಾತ್ರ ಬೇರೆ.
ನಾನು ಪಾಸ್‌ಪೋರ್ಟನ್ನು ಸೀರೆಗಳ ಕೆಳಗಿಟ್ಟು ಬೀರು ಮುಚ್ಚಿದೆ.
ಚೋಂದಮ್ಮ ಬಿಡಲಿಲ್ಲ.
ಟೂರಿನವರು ಕೊಟ್ಟ ಪಟ್ಟಿ ಇದೆಯಲ್ಲ, ತಾರೀಕು ಇದೆಯಲ್ಲ,
ನವೆಂಬರ್ ಹದಿನಾಲ್ಕು, ಮೊದಲ ದಿನ, ಲಂಡನ್.
ಒಂಬತ್ತಕ್ಕೆ ಕೋಟೆ ಬಾಗಿಲಿಗೆ ಬಾ ದಮಯಂತಿ,
ಕಾಲಿಗೆ ಶೂಸ್ ಇರಲಿ.

ಹೋದರೆ ಮೊದಲು ವಾಚು ತೋರಿಸಿದಳು. ಮೂರೂವರೆ.
ಅಲ್ಲಿಯ ಹೊತ್ತು ಇಟ್ಟಿದ್ದೇನೆ ಕಣೆ,
ದುಡ್ಡು ಕಟ್ಟಿದ ಮೇಲೆ ಹೊತ್ತಾದರೂ ನಮ್ಮದಲ್ಲವೇ.

ಮೂವತ್ತೊಂದು ವರ್ಷ ಈ ಅರಮನೆಯೊಳಗೆ
ಹಾಜರಿ ಪುಸ್ತಕದ ಕಡೆಗೆ ಓಡಿದವರು ನಾವು.
ಕಂಕುಳಲ್ಲಿ ಕೊಡೆ, ಕೈಯಲ್ಲಿ ಡಬ್ಬಿ,
ಗಾರೆಯ ಆನೆಗಳ ಪಕ್ಕದಲ್ಲೇ, ತಲೆ ಎತ್ತದೆ.
ಈವತ್ತು ನಿಂತು ನೋಡಿದೆವು.
ಸೊಂಡಿಲ ಮೇಲೆ ಯಾರೋ ಪ್ರೀತಿಯನ್ನು ಕೆತ್ತಿದ್ದಾರೆ,
ಒತ್ತಕ್ಷರ ಮರೆತು.
ದೊರೆಗೆ ಸಲಾಮು ಹಾಕಲು ತಡವಾಯಿತೆಂದು
ನಿಜದ ಆನೆಗಳಿಗೆ ಗುಂಡು ಬಿತ್ತಂತೆ,
ಆಮೇಲೆ ಮರುಗಿ ಇವನ್ನು ಮಾಡಿಸಿದನಂತೆ,
ಗೈಡು ಹುಡುಗ ಯಾರಿಗೋ ಹೇಳುತ್ತಿದ್ದ.
ನಮ್ಮ ಸಾಹೇಬರೇ ವಾಸಿ ಅಂದಳು,
ಬರೀ ಕೆಂಪು ಶಾಯಿ.

ದೊಡ್ಡ ಗಡಿಯಾರ ಎಂದಿದ್ದಲ್ಲಿ ಕೋಟೆಯ ಗಡಿಯಾರಕ್ಕೆ ಗುರುತು ಹಾಕಿದೆವು.
ಕಾವಲಿನವರ ಬದಲಾವಣೆಯೂ ಸಿಕ್ಕಿತು:
ಹೋಂಗಾರ್ಡ್ ಒಬ್ಬ ಚಾ ಕುಡಿಯಲು ಎದ್ದ,
ಇನ್ನೊಬ್ಬ ಬಂದು ಅದೇ ಸ್ಟೂಲಿನಲ್ಲಿ ಕೂತ.
ನದಿಯಲ್ಲಿ ದೋಣಿ ಎಂಬುದಕ್ಕೆ ಸ್ವಲ್ಪ ತೊಂದರೆಯಾಯಿತು.
ಓಂಕಾರೇಶ್ವರದ ಕೆರೆಯ ಮೆಟ್ಟಿಲಿನಲ್ಲಿ ಕೂತು
ಮೀನುಗಳಿಗೆ ಮಂಡಕ್ಕಿ ಎಸೆಯುತ್ತ, ನೀರನ್ನೇ ನೋಡುತ್ತ,
ಹೊರಟಿತು ನೋಡು ಅಂದಳು, ಹೊರಟಿತು.
ನನಗೂ ಒಂದು ಕ್ಷಣ ಮೆಟ್ಟಿಲು ಸರಿದ ಹಾಗಾಯಿತು.

ಗದ್ದಿಗೆಯಲ್ಲಿ ಮಾತು ಕಮ್ಮಿಯಾಯಿತು.
ಗುಮ್ಮಟದ ಕೆಳಗೆ ದೊರೆ, ದೊರೆಯ ಹೆಂಡತಿ,
ಆಚೆ ಇನ್ನೊಬ್ಬ ದೊರೆ, ಈಚೆ ಗುರು.
ಕೊನೆಯವನು ಇಲ್ಲಿಲ್ಲ.
ಅವನು ಹಡಗು ಹತ್ತಿದ, ಲಂಡನ್ನಿಗೆ ಹೋದ,
ಕಳೆದುಕೊಂಡದ್ದಕ್ಕೆ ಕೋರ್ಟು ಅಲೆದ,
ಅಲ್ಲೇ ಮಣ್ಣಾದ.
ಚೋಂದಮ್ಮ ಚೀಲದಿಂದ ಆ ಕಾಗದ ತೆಗೆದು
ಇನ್ನೊಮ್ಮೆ ಓದಿ ಮಡಚಿದಳು.
ಒಬ್ಬ ಹಾಗೆ ಮಾಡಿದ್ದಕ್ಕೆ
ಊರಿಗೇ ಅನುಮಾನ ನೋಡು.

ಹೊರಗೆ ಜೀಪಿನವನು ಅಡ್ಡ ಬಂದ:
ಅಬ್ಬಿ, ಮಾಂದಲಪಟ್ಟಿ, ತಲಕಾವೇರಿ, ಬನ್ನಿ ಮೇಡಂ,
ಯಾವೂರಿನಿಂದ ಬಂದಿದ್ದೀರಿ?
ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು.
ಉತ್ತರ ಗೊತ್ತಿಲ್ಲದೆ ಅಲ್ಲ.

ಅವಳಿಗೆ ಯಾಕೆ ಲಂಡನ್ನೇ ಬೇಕು ಎಂದು
ನಾನು ಯಾವತ್ತೂ ಕೇಳಿರಲಿಲ್ಲ.
ರಾಜಾಸೀಟಿನ ಕಟಕಟೆ ಹಿಡಿದು ತಾನೇ ಹೇಳಿದಳು.
ತೋಟದ ಬಿಳಿ ದೊರೆ ಊರು ಬಿಡುವಾಗ
ರೈಟರಾಗಿದ್ದ ಅವಳ ಅಪ್ಪನಿಗೆ ಕೊಟ್ಟದ್ದು
ಖಾಲಿ ಬಿಸ್ಕತ್ತಿನ ಡಬ್ಬಿ.
ಮುಚ್ಚಳದ ಮೇಲೆ ಎರಡಂತಸ್ತಿನ ಕೆಂಪು ಬಸ್ಸು.
ಅವ್ವ ಅದರಲ್ಲಿ ಗುಂಡಿ, ಪಿನ್ನು ಹಾಕಿಟ್ಟಳು.
ಒಂದು ಗುಂಡಿ ಬೇಕೆಂದರೂ
ಆ ಬೀದಿಯನ್ನು ತೆರೆಯಬೇಕಿತ್ತು.

ಕಣಿವೆ ತುಂಬ ಮಂಜು.
ಬೆಟ್ಟವಿಲ್ಲ, ಗದ್ದೆಯಿಲ್ಲ, ದಾರಿಯಿಲ್ಲ.
ದೂರದಿಂದ ಬಂದವರು ದುಡ್ಡು ದಂಡವೆಂದು ಗೊಣಗಿ
ಪುಟಾಣಿ ರೈಲಿನ ಕಡೆ ನಡೆದರು.
ಅವಳು ಕದಲಲಿಲ್ಲ.
ಬಸ್ಸಿನ ಹಿಂದೆ ಇಷ್ಟೇ ಇತ್ತು ದಮಯಂತಿ,
ಇದೇ ಬಣ್ಣ.
ಎಷ್ಟು ಉಜ್ಜಿದರೂ ಮನೆಗಳು ಕಾಣುತ್ತಿರಲಿಲ್ಲ.

ಆರು ನಲವತ್ತಕ್ಕೆ ನಾಪೋಕ್ಲಿನ ಬಸ್ಸು,
ಕೆಂಪೇ, ಒಂದೇ ಅಂತಸ್ತು.
ಕಿಟಕಿಯಿಂದ ಕೈ ಹೊರಗೆ ಹಾಕಿ
ವಾಚು ನನ್ನ ಮುಖದ ಹತ್ತಿರ ತಂದಳು:
ಒಂದೂ ಹತ್ತು.
ಊಟದ ಹೊತ್ತು ಕಣೆ, ಪಟ್ಟಿಯಲ್ಲಿ ಇನ್ನೂ
ನಾಲ್ಕು ಜಾಗ ಉಳಿದಿದೆ,
ಎಂದು ಕೂಗುತ್ತಿರುವಾಗಲೇ
ಕಂಡಕ್ಟರ್ ಸೀಟಿ ಊದಿದ.